ನೆರೆಯ ರೌಟರ್ ಮೇಲೆ ಒಂದು ಕಣ್ಣಿರಲಿ

ಓಎಸ್‌ಪಿಎಫ್ ಎಂಬ ರೌಟಿಂಗ್ ಪ್ರೋಟೊಕಾಲ್ ಇರುವ ಜಾಲದಲ್ಲಿ ಅಕ್ಕಪಕ್ಕದ ರೌಟರ್‌ಗಳು ಈಥರ್ನೆಟ್ ಕೊಂಡಿಯ ಮೇಲೆ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಹಲೋ ಪ್ಯಾಕೆಟ್ ಕಳಿಸುತ್ತವೆ. 40 ಸೆಕೆಂಡು ಸದ್ದಿಲ್ಲದಿದ್ದರೆ ನೆರೆಯ ರೌಟರ್ ಇಲ್ಲವೆಂದೇ ಲೆಕ್ಕ. ಆಗ ಆ ಏರಿಯಾದ ರೌಟರ್‌ಗಳೆಲ್ಲ ದಾರಿಯನ್ನು ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ.

ಪರದೆಯ ಮೇಲೆ ನೆರೆಸಂಬಂಧದ ಸ್ಥಿತಿ 'ಫುಲ್' (ಪೂರ್ಣ) ಎಂದು ಕಂಡರೆ ಸಾಲದು. ಆ ಸ್ಥಿತಿ ಎಷ್ಟು ಹೊತ್ತಿನಿಂದ ಇದೆ ಎಂಬುದೇ ಮುಖ್ಯ. ತಿಂಗಳಿಂದ ಚಾಲೂ ಇರುವ ರೌಟರ್‌ನಲ್ಲಿ ನೆರೆಸಂಬಂಧ ಮೂರೇ ನಿಮಿಷದ್ದಾಗಿದ್ದರೆ, ಅದು ನಡುವೆ ಕಡಿದು ಮತ್ತೆ ಕೂಡಿಕೊಂಡಿದೆ ಎಂದರ್ಥ. ಐದು ನಿಮಿಷಕ್ಕೊಮ್ಮೆ ಇಣುಕುವ ನಿಗಾ ತಂತ್ರಾಂಶದ ಕಣ್ಣಿಗೆ ಇಂಥದ್ದು ಬೀಳದೇ ಹೋಗಬಹುದು. ಆದ್ದರಿಂದ ರೌಟರ್‌ಗಳು ತಾವಾಗಿಯೇ ಕಳಿಸುವ ಸಿಸ್‌ಲಾಗ್ ಸಂದೇಶಗಳನ್ನೂ ಎಸ್‌ಎನ್‌ಎಂಪಿ ಟ್ರ್ಯಾಪ್‌ಗಳನ್ನೂ ಒಂದೆಡೆ ಕೂಡಿಡಬೇಕು. ಎನ್‌ಟಿಪಿಯಿಂದ ಗಡಿಯಾರಗಳು ಹೊಂದಿಕೊಂಡಿರದಿದ್ದರೆ ಯಾವ ಕೊಂಡಿ ಮೊದಲು ಬಿತ್ತೆಂದು ತಿಳಿಯುವುದೇ ಕಷ್ಟ.

ಸಂಬಂಧ ಎಕ್ಸ್‌ಸ್ಟಾರ್ಟ್ ಹಂತದಲ್ಲೇ ನಿಂತುಬಿಟ್ಟರೆ ಮೊದಲು ಎರಡೂ ಬದಿಯ ಎಂಟಿಯು (ಪ್ಯಾಕೆಟ್ ಗಾತ್ರದ ಮಿತಿ) ಹೋಲಿಸಿ ನೋಡಬೇಕು. ಪದೇ ಪದೇ ಕಡಿಯುತ್ತಿದ್ದರೆ ಕೇಬಲ್, ಇಂಟರ್‌ಫೇಸಿನ ಸಿಆರ್‌ಸಿ ದೋಷಗಳು, ಸಿಪಿಯು ಹೊರೆ, ಈ ಕ್ರಮದಲ್ಲಿ ಹುಡುಕುವುದು ಲೇಸು. ಕಾರಣ ಸಿಗುವ ಮೊದಲೇ ಟೈಮರ್ ಹಿಗ್ಗಿಸಿದರೆ ದೋಷ ಮುಚ್ಚಿಹೋಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. ಬೇಗ ಪತ್ತೆಯಾಗಬೇಕಿದ್ದಲ್ಲಿ ಹಲೋ ಅವಧಿ ಕುಗ್ಗಿಸುವುದಕ್ಕಿಂತ, ಕಡಿತವನ್ನು ಬೇಗ ಪತ್ತೆಹಚ್ಚಲೆಂದೇ ಇರುವ ಬಿಎಫ್‌ಡಿ ಪ್ರೋಟೊಕಾಲ್ ಮೇಲು. ಆದರೆ ಆಗಾಗ ಕೈಕೊಡುವ ಕೊಂಡಿಗೆ ಅದನ್ನು ಹಾಕಿದರೆ ಕಡಿತಗಳು ಇನ್ನೂ ಹೆಚ್ಚಬಹುದು.