ಮನೆಯಂಗಳದಲ್ಲಿ ತಂಗಡಿ: ಬೆಳೆಸೋಣ, ಗುರುತಿಸಿ ಬಳಸೋಣ

ಕಳೆದ ವರ್ಷ ಐವತ್ತೈದು ದಾಟಿದ ತಾಯಿಯೊಬ್ಬರು ನನ್ನ ದವಾಖಾನೆಗೆ ಬಂದಿದ್ದರು. ವಿಪರೀತ ಬಾಯಾರಿಕೆ, ಕಾಲಲ್ಲಿ ಉರಿ. ಪರೀಕ್ಷಿಸಿದರೆ ಖಾಲಿ ಹೊಟ್ಟೆಯ ಸಕ್ಕರೆ 310. "ಮಾತ್ರೆ ಬಿಟ್ಟು ಮೂರು ತಿಂಗಳಾಯ್ತು ಡಾಕ್ಟರ್ ಸಾಹೇಬ್ರೇ, ತರ್ವಾರ್ ಹೂವಿನ ಕಷಾಯ ಕುಡೀತಿದ್ದೀನಿ" ಎಂದರು. ಅವರು ತಂದಿದ್ದ ಒಣ ಹೂವಿನ ಪೊಟ್ಟಣ ಬಿಡಿಸಿದೆ. ತಂಗಡಿ ಹೂವಿನ ಜೊತೆ ಬೇರೊಂದು ಗಿಡದ ಕಾಯಿಗಳೂ ಇದ್ದವು. ರಸ್ತೆ ಬದಿಯಲ್ಲಿ ಯಾರೋ ಕಿತ್ತು ಮಾರಿದ್ದು.

ಆ ತಾಯಿಯಿಂದ ಎರಡು ತಪ್ಪಾಗಿತ್ತು: ಮಾತ್ರೆ ಬಿಟ್ಟದ್ದು, ಗುರುತಿಲ್ಲದ ಗಿಡವನ್ನು ನಂಬಿದ್ದು.

ಗಿಡದ ಪರಿಚಯ

ತಂಗಡಿ ಅಥವಾ ಆವರಿಕೆ ನಮ್ಮ ಬಯಲುಸೀಮೆಯದೇ ಗಿಡ. ದಖನಿ ಉರ್ದುವಿನಲ್ಲಿ ತರ್ವಾರ್. ನೆರೆಯ ತೆಲಂಗಾಣಕ್ಕೆ ಇದೇ ರಾಜ್ಯ ಪುಷ್ಪ. ಹಿಂದೆ ಚರ್ಮ ಹದ ಮಾಡಲು ದಕ್ಷಿಣ ಭಾರತದಲ್ಲಿ ಇದರ ತೊಗಟೆಯನ್ನೇ ಹೆಚ್ಚಾಗಿ ಬಳಸುತ್ತಿದ್ದರು. ಆಳೆತ್ತರದ ಪೊದೆಯಾಗಿ ವರ್ಷಾನುಗಟ್ಟಲೆ ಬದುಕುತ್ತದೆ. ದನಕರುಗಳು ಸಾಮಾನ್ಯವಾಗಿ ಇದನ್ನು ಮೇಯುವುದಿಲ್ಲ.

ಬೆಳೆಸುವ ಬಗೆ

ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ಬಿಸಿನೀರನ್ನು ಬೀಜದ ಮೇಲೆ ಸುರಿದು ರಾತ್ರಿಯಿಡೀ ಬಿಡಿ. ಉಬ್ಬಿದ ಬೀಜಗಳನ್ನು ಮಳೆಗಾಲದ ಆರಂಭದಲ್ಲಿ ಬಿತ್ತಿ. ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು. ಮರಳು ಬೆರೆಸಿದ ಮಣ್ಣಾದರೆ ಒಳ್ಳೆಯದು. ಕರಾವಳಿಯವರು ದೊಡ್ಡ ಕುಂಡದಲ್ಲಿ ಎತ್ತರದ ಕಡೆ ಇಡಲಿ. ಬೇರೂರಿದ ಮೇಲೆ ನೀರು ಕಡಿಮೆ ಸಾಕು. ಹೂ ಮುಗಿದ ಬಳಿಕ ಸವರಿದರೆ ಪೊದೆ ತುಂಬಿಕೊಳ್ಳುತ್ತದೆ. ಚಿಟ್ಟೆಯ ಹಸಿರು ಹುಳುಗಳು ಎಲೆ ತಿನ್ನಬಹುದು. ಕೈಯಿಂದ ತೆಗೆಯಿರಿ, ಹೂ ಬಳಸುವ ಗಿಡಕ್ಕೆ ಕೀಟನಾಶಕ ಬೇಡ.

ಗುರುತು ತಪ್ಪದಿರಲಿ

ತಂಗಡಿಯ ಎಲೆದಂಟು ಕೊಂಬೆಗೆ ಸೇರುವಲ್ಲಿ ಕಿವಿಯಂಥ ಅಗಲವಾದ ಪುಟ್ಟ ಎಲೆಗಳಿರುತ್ತವೆ. ಕಿರುಎಲೆಗಳು ಸಣ್ಣವು, ತುದಿ ದುಂಡು, ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಜೋಡಿ. ಕಾಯಿ ಕಾಗದದಂತೆ ತೆಳು, ಚಪ್ಪಟೆ.

ಖಾಲಿ ಜಾಗಗಳಲ್ಲಿ ಬೆಳೆಯುವ ಕಸೋಂದಿಗೂ (ದೊಡ್ಡ ತಗಚೆ) ಹಳದಿ ಹೂವೇ. ಆದರೆ ಅದರ ಕಿರುಎಲೆಗಳ ತುದಿ ಚೂಪು, ನಾಲ್ಕರಿಂದ ಆರು ಜೋಡಿ ಮಾತ್ರ. ಉಜ್ಜಿದರೆ ಕೆಟ್ಟ ವಾಸನೆ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಇದರ ಕಾಳು ತಿಂದ ಚಿಕ್ಕ ಮಕ್ಕಳ ಯಕೃತ್ತು, ಸ್ನಾಯು, ಮೆದುಳಿಗೆ ಹಾನಿಯಾಗಿ ಹಲವರು ತೀರಿಕೊಂಡರು. ಮನೆಯ ಸುತ್ತ ಇದು ಕಂಡರೆ ಬೇರುಸಹಿತ ಕೀಳಿ.

ಹಾಗೆಯೇ ತಂಗಡಿ ಎಲೆ ನಮ್ಮ ಸನಾ ಮಕ್ಕಿಯಲ್ಲ. ಮಾರುಕಟ್ಟೆಯಲ್ಲಿ ಸನಾಕ್ಕೆ ಇದನ್ನು ಕಲಬೆರಕೆ ಮಾಡಿದ್ದುಂಟು.

ಬಳಕೆ

ಬೆಳಿಗ್ಗೆ ಹೂ ಕಿತ್ತು, ತೊಳೆದು, ನೆರಳಲ್ಲಿ ಒಣಗಿಸಿ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಹೆಸರು ಬರೆಯಿರಿ. ಪುಡಿಯನ್ನು ಹೆಸರುಕಾಳಿನ ಹಿಟ್ಟಿನೊಡನೆ ಬೆರೆಸಿ ಮೈಗೆ ಹಚ್ಚಿ ಸ್ನಾನ ಮಾಡುವುದು ಹಳೆಯ ರೂಢಿ. ಮೊದಲು ಕೈಗೆ ಸ್ವಲ್ಪ ಹಚ್ಚಿ ನೋಡಿ. ತುರಿಕೆ ಬಂದರೆ ಬೇಡ.

ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಈ ಹೂವು ರಕ್ತದ ಸಕ್ಕರೆಯನ್ನು ಇಳಿಸಿದೆ, ನಿಜ. ಅಷ್ಟರಿಂದಲೇ ಅದು ಮಾತ್ರೆಯ ಬದಲಿಯಾಗದು. ಮಾತ್ರೆ ಅಥವಾ ಇನ್ಸುಲಿನ್ ಜೊತೆ ಕಷಾಯವನ್ನೂ ಕುಡಿದರೆ ಸಕ್ಕರೆ ಅತಿಯಾಗಿ ಇಳಿಯಬಹುದು. ಆದ್ದರಿಂದ ಸಕ್ಕರೆ ಕಾಯಿಲೆಯವರು ವೈದ್ಯರಿಗೆ ಹೇಳದೆ ಕುಡಿಯಬಾರದು. ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ, ಮಕ್ಕಳಿಗೆ ಕಷಾಯ ಬೇಡ.

ಆ ತಾಯಿ ಮತ್ತೆ ಮಾತ್ರೆ ಶುರುಮಾಡಿದರು, ಸಕ್ಕರೆ ಹತೋಟಿಗೆ ಬಂತು. ಈಗ ಅವರ ಅಂಗಳದಲ್ಲಿ ಅವರೇ ಬಿತ್ತಿದ ತಂಗಡಿ ಹೂ ಬಿಟ್ಟಿದೆ. ಮೊಮ್ಮಕ್ಕಳಿಗೆ ಅದರ "ಕಿವಿ" ತೋರಿಸಿ ಗುರುತು ಕಲಿಸುತ್ತಿದ್ದಾರೆ.