ನಿಸ್ತಂತು ಓದುಯಂತ್ರವೂ ಓದುಗನ ಗುಟ್ಟೂ

ಶಾಲಾ ಗ್ರಂಥಾಲಯದಿಂದ ಪುಸ್ತಕವೊಂದನ್ನು ಮನೆಗೊಯ್ದರೆ, ಒಯ್ದವರು ಯಾರು, ಮರಳಿಸಿದ್ದು ಯಾವಾಗ ಎಂಬುದಷ್ಟೇ ದಾಖಲೆಯಲ್ಲಿ ಉಳಿಯುತ್ತದೆ. ಎಷ್ಟನೆಯ ಪುಟದಲ್ಲಿ ನಾವು ಆಕಳಿಸಿ ನಿದ್ದೆ ಹೋದೆವು, ಯಾವ ಸಾಲಿನ ಕೆಳಗೆ ಗೆರೆ ಎಳೆದೆವು (ಎಳೆಯಬಾರದು, ಆ ಮಾತು ಬೇರೆ) ಎಂಬುದು ಆ ದಾಖಲೆಗೆ ತಿಳಿಯದು. ನಿಸ್ತಂತು ಸಂಪರ್ಕವುಳ್ಳ ಓದುಯಂತ್ರಕ್ಕೆ ಮಾತ್ರ ಇಂಥವೂ ತಿಳಿಯುತ್ತವೆ.

ಅಮೆಜಾನ್ ಕಂಪೆನಿಯು 'ಕಿಂಡಲ್' ಎಂಬ ಓದುಯಂತ್ರವನ್ನು 2007ರ ನವೆಂಬರಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ತಂದಿತು. ಕಂಪ್ಯೂಟರಿನ ನೆರವಿಲ್ಲದೆ, ಮೊಬೈಲ್ ಫೋನಿನ ಜಾಲದಿಂದಲೇ ಪುಸ್ತಕ ಅದರೊಳಕ್ಕೆ ಇಳಿಯುತ್ತಿತ್ತು. ಮುಂದೆ ಇದಕ್ಕೆ 'ಸಿಂಕ್' ಎಂಬ ಸೌಕರ್ಯವೂ ಸೇರಿತು. ಯಂತ್ರದಲ್ಲಿ 40ನೆಯ ಪುಟದವರೆಗೆ ಓದಿ, ಬಳಿಕ ಅದೇ ಪುಸ್ತಕವನ್ನು ಫೋನಿನಲ್ಲಿ ತೆರೆದರೆ 40ನೆಯ ಪುಟವೇ ಎದುರಿಗೆ ಬರುತ್ತದೆ. ಇದರಲ್ಲಿ ಮಾಯೆಯೇನೂ ಇಲ್ಲ. ನಾವು ಓದಿ ನಿಲ್ಲಿಸಿದ ಸ್ಥಳವನ್ನು ಯಂತ್ರವು ಕಂಪೆನಿಯ ದೂರದ ಕಂಪ್ಯೂಟರಿಗೆ ತಿಳಿಸುತ್ತದೆ. ಫೋನು ಅದನ್ನು ಅಲ್ಲಿಂದ ಕೇಳಿ ಪಡೆಯುತ್ತದೆ. ನಾವು ಬರೆದ ಟಿಪ್ಪಣಿಗಳೂ ಇದೇ ದಾರಿಯಲ್ಲಿ ಸಾಗುತ್ತವೆ. ಸೌಕರ್ಯ ಬೇಕು, ಆದರೆ ಕಂಪೆನಿಗೆ ತಿಳಿಯಬಾರದು ಎಂದರೆ ಆಗದು.

ತಂತಿಯಿಲ್ಲದ ಈ ದಾರಿ ಎರಡೂ ಕಡೆಗೆ ತೆರೆದದ್ದು ಎಂಬುದು ಜನರಿಗೆ ಮನವರಿಕೆಯಾದದ್ದು 2009ರ ಜುಲೈಯಲ್ಲಿ. ಜಾರ್ಜ್ ಆರ್ವೆಲ್ಲನ '1984' ಮತ್ತು 'ಅನಿಮಲ್ ಫಾರ್ಮ್' ಕೃತಿಗಳನ್ನು ಹಕ್ಕಿಲ್ಲದವರು ಅಮೆಜಾನಿನ ಮೂಲಕ ಮಾರಿದ್ದರು. ಅದು ತಿಳಿದೊಡನೆ ಕಂಪೆನಿಯು ಹಣವನ್ನು ಹಿಂದಿರುಗಿಸಿ, ಕೊಂಡವರ ಯಂತ್ರಗಳಿಂದಲೇ ಪುಸ್ತಕಗಳನ್ನು ಅಳಿಸಿಹಾಕಿತು. ಪ್ರಜೆಗಳ ಮೇಲೆ ಹಗಲಿರುಳು ಕಣ್ಣಿಡುವ ಸರಕಾರದ ಕಥೆ '1984'. ಅಳಿಸಲು ಸಿಕ್ಕಿದ್ದೂ ಅದೇ! ಮಿಷಿಗನ್ ರಾಜ್ಯದ 17 ವರ್ಷದ ವಿದ್ಯಾರ್ಥಿಯೊಬ್ಬ ಶಾಲೆಯ ಪಾಠಕ್ಕಾಗಿ ಅದನ್ನು ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಪುಸ್ತಕವೇ ಹೋದ ಮೇಲೆ ಟಿಪ್ಪಣಿ ಯಾವ ಸಾಲಿನದೆಂದು ತಿಳಿಯುವುದು ಹೇಗೆ? ಅವನು ನ್ಯಾಯಾಲಯಕ್ಕೆ ಹೋದ. ಕಂಪೆನಿಯ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು; 1,50,000 ಡಾಲರ್ ಕೊಟ್ಟು ದಾವೆ ರಾಜಿಯಾಯಿತು. ಪರರ ಪುಸ್ತಕಕ್ಕೆ ಹೀಗೆ ಕೈಹಾಕುವುದಕ್ಕೆ ಆ ರಾಜಿಯಲ್ಲಿ ಮಿತಿಗಳೂ ಬಿದ್ದವು.

2014ರಲ್ಲಿ ಮತ್ತೊಂದು ಸಂಗತಿ ಬಯಲಾಯಿತು. ಅಡೋಬ್ ಕಂಪೆನಿಯ ಓದುತಂತ್ರಾಂಶವು ಓದುಗರ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸದೆ, ತೆರೆದ ಅಂಚೆಕಾರ್ಡಿನಂತೆ ಕಳುಹಿಸುತ್ತಿತ್ತು. ನಮಗೆ ಇದು ಹೆಚ್ಚಿನ ಅಪರಾಧವೆಂದೇ ತೋರುತ್ತದೆ. ಇಲ್ಲಿ ಕಂಪೆನಿಯಲ್ಲದೆ ದಾರಿಹೋಕನೂ ಓದಬಹುದಾಗಿತ್ತು.

ನಮ್ಮ ದೇಶದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಅರ್ಜಿಯನ್ನು ಸಲ್ಲಿಸಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 18 ತುಂಬದವರ ಮಾಹಿತಿಯನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕೆಂಬ ವಿಧಿಯೂ 2023ರಲ್ಲಿ ಸಂಸತ್ತು ಅಂಗೀಕರಿಸಿದ ಅಧಿನಿಯಮದಲ್ಲಿದೆ. ಹಾಗಾಗಿ ಹೆತ್ತವರು 'ಒಪ್ಪಿದ್ದೇನೆ' ಎಂಬ ಗುಂಡಿಯನ್ನು ಓದದೆ ಒತ್ತುವಂತಿಲ್ಲ.

ಯಂತ್ರದ ಸೆಟ್ಟಿಂಗಿನಲ್ಲಿ ಸಿಂಕನ್ನು ನಿಲ್ಲಿಸಬಹುದು. ವಿಮಾನದ ಚಿಹ್ನೆಯನ್ನು ಒತ್ತಿ ನಿಸ್ತಂತು ಸಂಪರ್ಕವನ್ನೇ ಕಡಿಯಬಹುದು. ಸಿಂಕ್ ನಿಲ್ಲಿಸದಿದ್ದರೆ ಮರಳಿ ಸಂಪರ್ಕ ಕೊಟ್ಟಾಗ ಓದಿನ ಲೆಕ್ಕ ಹೊರಡುತ್ತದೆ ಎಂಬುದು ನೆನಪಿರಲಿ. ಮನೆಮಂದಿಯೆಲ್ಲ ಒಂದೇ ಖಾತೆ ಬಳಸಿದರೆ ಇನ್ನೊಂದು ಫಜೀತಿಯುಂಟು: ಒಂದೇ ಪುಸ್ತಕವನ್ನು ತಂದೆ 200ನೆಯ ಪುಟಕ್ಕೆ ಮುಟ್ಟಿಸಿದ್ದರೆ, 12ರಲ್ಲಿರುವ ಮಗಳನ್ನೂ ಯಂತ್ರವು 200ಕ್ಕೆ ಕರೆಯುತ್ತದೆ. ಆಕೆ ಬರೆದ ಟಿಪ್ಪಣಿಗಳು ತಂದೆಯ ಫೋನಿನಲ್ಲಿ ಕಾಣಿಸುತ್ತವೆ.