ಅರ್ಬುದ ಚಿಕಿತ್ಸೆಯಲ್ಲಿ ಅಯಸ್ಕಾಂತದ ಸಾರಥ್ಯ

ಸಂಸ್ಕೃತದಲ್ಲಿ ‘ಅರ್ಬುದ’ವೆಂಬ ಶಬ್ದಕ್ಕೆ ಹಲವು ಅರ್ಥಗಳುಂಟು. ಗಣಿತಜ್ಞರಿಗೆ ಅದು ಹತ್ತು ಕೋಟಿ. ವೈದ್ಯರಿಗೆ, ಸುಶ್ರುತಸಂಹಿತೆಯ ಕಾಲದಿಂದಲೂ, ಮಾಂಸದಲ್ಲಿ ಬೇರೂರಿ ಮೆಲ್ಲಮೆಲ್ಲನೆ ಬೆಳೆಯುವ ಗಂತಿ. ಈ ಎರಡು ಅರ್ಥಗಳೂ ಕಾಕತಾಳೀಯವೆಂಬಂತೆ ಒಂದೆಡೆ ಕೂಡುತ್ತವೆ. ಒಂದು ಘನ ಸೆಂಟಿಮೀಟರಿನಷ್ಟು ಗಂತಿಯಲ್ಲಿ ಹತ್ತು ಕೋಟಿಯಿಂದ ನೂರು ಕೋಟಿಯವರೆಗೆ ಜೀವಕೋಶಗಳಿರುತ್ತವೆಂದು ಆಧುನಿಕ ವೈದ್ಯರ ಅಂದಾಜು. ಜನರು ಕ್ಯಾನ್ಸರ್ ಎಂದು ಹೆಸರೆತ್ತಲೂ ಅಂಜುವ ವ್ಯಾಧಿಯು ಇದೇ.

ಶರೀರದಲ್ಲಿ ಹುಟ್ಟಿದ ಈ ಶತ್ರುವನ್ನು ಶರೀರದ ರಕ್ಷಕಸೈನ್ಯದಿಂದಲೇ ಗೆಲ್ಲಿಸಬೇಕೆಂಬ ಆಲೋಚನೆ ಹಳೆಯದು. 1891ರಲ್ಲಿಯೇ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ, ಕತ್ತರಿಸಿ ತೆಗೆಯಲಾಗದ ಗಂತಿಯುಳ್ಳ ರೋಗಿಗೆ ಸೂಕ್ಷ್ಮಾಣುಗಳನ್ನು ಚುಚ್ಚಿ, ಜ್ವರ ಬರಿಸಿ, ಆ ಮೂಲಕ ರಕ್ಷಕಕೋಶಗಳನ್ನು ಕೆರಳಿಸಲು ಹೊರಟನು. ಈಗಿನ ಕ್ರಮ ಇದಕ್ಕಿಂತ ನಾಜೂಕಾದುದು. ರೋಗಿಯ ರಕ್ತದಿಂದ ಟಿ-ಕೋಶಗಳೆಂಬ ಬಿಳಿಯ ಕಣಗಳನ್ನು ತೆಗೆದು, ಅರ್ಬುದಕೋಶದ ಗುರುತು ಹಿಡಿಯುವ ಗ್ರಾಹಕವೊಂದನ್ನು ಅವುಗಳಿಗೆ ಅಳವಡಿಸಿ, ಸಂಖ್ಯೆಯನ್ನು ಹೆಚ್ಚಿಸಿ ಮರಳಿ ಶರೀರಕ್ಕೆ ಸೇರಿಸುತ್ತಾರೆ. ಅಮೆರಿಕದಲ್ಲಿ 2017ರಲ್ಲಿ ಇಂಥ ಚಿಕಿತ್ಸೆಗೆ ಅನುಮತಿ ದೊರೆಯಿತು. ಭಾರತದಲ್ಲಿ ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳವರು ಕೂಡಿ ರೂಪಿಸಿದ ಚಿಕಿತ್ಸೆಗೆ 2023ರಲ್ಲಿ ಅನುಮತಿಯಾಯಿತು.

ಆದರೆ ಈ ಗೆಲುವು ಬಹುಮಟ್ಟಿಗೆ ರಕ್ತದ ಅರ್ಬುದಗಳಿಗೇ ಸೀಮಿತವಾಗಿದೆ. ರಕ್ತದಲ್ಲಿರುವ ಶತ್ರು ಬೀದಿಯಲ್ಲಿಯೇ ಎದುರಾಗುತ್ತಾನೆ. ಬಾಯಿ, ಸ್ತನ, ಗರ್ಭಕಂಠ, ಶ್ವಾಸಕೋಶಗಳ ಗಂತಿಗಳಲ್ಲಾದರೋ ಅವನು ಕೋಟೆ ಕಟ್ಟಿಕೊಂಡು ಕುಳಿತಿರುತ್ತಾನೆ. ನಮ್ಮ ದೇಶದ ರೋಗಿಗಳಲ್ಲಿ ಹೆಚ್ಚಿನವರನ್ನು ಬಾಧಿಸುವುದು ಇಂಥ ಗಂತಿಗಳೇ. ರಕ್ತನಾಳದೊಳಗೆ ಬಿಟ್ಟ ರಕ್ಷಕಕೋಶಗಳಲ್ಲಿ ಬಹುಪಾಲು ಶ್ವಾಸಕೋಶ, ಯಕೃತ್ತು, ಗುಲ್ಮಗಳಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಕೋಟೆಯ ಬಾಗಿಲು ಮುಟ್ಟುವವು ಕೆಲವೇ. ಅಸ್ತ್ರವೇನೋ ಸಿದ್ಧವಾಗಿದೆ, ದಾರಿ ತೋರುವ ಸಾರಥಿಯೇ ಇಲ್ಲ. ಈ ಕೊರತೆಗೆ ವಿಜ್ಞಾನಿಗಳು ಅಯಸ್ಕಾಂತದ ಮೊರೆ ಹೊಕ್ಕಿದ್ದಾರೆ.

‘ಅಯಸ್’ ಎಂದರೆ ಕಬ್ಬಿಣ, ‘ಕಾಂತ’ ಎಂದರೆ ಪ್ರಿಯ. ಕಬ್ಬಿಣಕ್ಕೆ ಪ್ರಿಯವಾದುದೆಂದು ಹಿಂದಿನವರು ಇಟ್ಟ ಹೆಸರು ಎಷ್ಟು ಸೊಗಸು! ಕನ್ನಡದ ‘ಸೂಜಿಗಲ್ಲು’ ಇನ್ನೂ ನೇರವಾದ ಮಾತು. ಇಲ್ಲಿ ಬಳಸುವುದು ಮ್ಯಾಗ್ನೆಟೈಟ್ ಮೊದಲಾದ ಕಬ್ಬಿಣದ ಆಕ್ಸೈಡುಗಳ ಅತಿಸೂಕ್ಷ್ಮ ಕಣಗಳನ್ನು. ಇವುಗಳ ಅಳತೆ ನ್ಯಾನೊಮೀಟರುಗಳಲ್ಲಿ. ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲೇ ನ್ಯಾನೊಮೀಟರು. ಸುಮಾರು ಇಪ್ಪತ್ತು ನ್ಯಾನೊಮೀಟರಿಗಿಂತ ಕಿರಿದಾದಾಗ ಈ ಕಣಗಳಿಗೆ ವಿಚಿತ್ರವಾದ ಗುಣವೊಂದು ಬರುತ್ತದೆ. ಸೂಜಿಗಲ್ಲು ಬಳಿಯಿರುವವರೆಗೆ ತಾವೂ ಕಾಂತಗಳಾಗುತ್ತವೆ. ಅದನ್ನು ಸರಿಸಿದೊಡನೆ ಕಾಂತತ್ವವನ್ನು ತೊರೆಯುತ್ತವೆ. ಈ ಗುಣವಿಲ್ಲದಿದ್ದರೆ ಕಣಗಳು ಒಂದನ್ನೊಂದು ಹಿಡಿದು ಮುದ್ದೆಗಟ್ಟಿ ರಕ್ತನಾಳವನ್ನೇ ಮುಚ್ಚಿಬಿಡುತ್ತಿದ್ದವು.

ಕಣಗಳನ್ನು ಕೋಶಗಳಿಗೆ ಹೊರಿಸುವ ಬಗೆ ಎಲ್ಲಕ್ಕೂ ಒಂದೇ ಅಲ್ಲ. ಮಹಾಭಕ್ಷಕಗಳೆಂಬ ರಕ್ಷಕಕೋಶಗಳು ಹೆಸರಿಗೆ ತಕ್ಕಂತೆ ಕಣಗಳನ್ನು ನುಂಗಿಕೊಳ್ಳುತ್ತವೆ. ಟಿ-ಕೋಶಗಳಿಗೆ ಆ ಹಸಿವಿಲ್ಲವಾದುದರಿಂದ ಅನೇಕ ವೇಳೆ ಮೈಮೇಲೆ ಅಂಟಿಸಬೇಕಾಗುತ್ತದೆ.

ಇನ್ನು ಸೆಳೆಯುವ ಬಗೆ. ಇಲ್ಲಿ ವಿದ್ಯಾರ್ಥಿಗಳು ಒಂದು ಸೂಕ್ಷ್ಮವನ್ನು ಗಮನಿಸಬೇಕು. ದಿಕ್ಸೂಚಿಯ ಮುಳ್ಳು ಉತ್ತರಕ್ಕೆ ತಿರುಗುತ್ತದೆಯೇ ಹೊರತು ಉತ್ತರಕ್ಕೆ ಓಡುವುದಿಲ್ಲ. ಏಕೆಂದರೆ ಭೂಮಿಯ ಕಾಂತಕ್ಷೇತ್ರವು ಮುಳ್ಳಿನ ಎರಡು ತುದಿಗಳಲ್ಲಿಯೂ ಹೆಚ್ಚುಕಡಮೆ ಒಂದೇ ಬಲದ್ದು. ಎಳೆಯುವುದು ಕ್ಷೇತ್ರದ ಬಲವಲ್ಲ, ಒಂದೆಡೆಯಿಂದ ಇನ್ನೊಂದೆಡೆಗೆ ಆ ಬಲದಲ್ಲಿರುವ ಏರಿಳಿತ. ಸಣ್ಣ ಸೂಜಿಗಲ್ಲಿನಿಂದ ಸಾಕಷ್ಟು ಆಚೆಗೆ ಸರಿದ ಮೇಲೆ, ದೂರ ಇಮ್ಮಡಿಯಾದರೆ ಸೆಳೆತವು ಹದಿನಾರರಲ್ಲಿ ಒಂದು ಪಾಲಿಗೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಇಲಿಯ ಗಂತಿ ಚರ್ಮದ ಅಡಿಯಲ್ಲಿಯೇ ಕೈಗೆ ಸಿಗುತ್ತದೆ. ಮನುಷ್ಯನ ಮೇದೋಜೀರಕಗ್ರಂಥಿಯ ಗಂತಿಯಾದರೆ ಹಲವು ಸೆಂಟಿಮೀಟರು ಆಳದಲ್ಲಿ ಅಡಗಿರುತ್ತದೆ. ಇಲಿಯಲ್ಲಿ ಗೆದ್ದ ಉಪಾಯ ಮನುಷ್ಯನಲ್ಲಿ ಸೋಲಬಹುದಾದುದು ಇಲ್ಲಿಯೇ.

ಈ ತೊಡಕಿಗೆ ಇಂಗ್ಲೆಂಡಿನ ಶೆಫೀಲ್ಡಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಉಪಾಯವು ಮೆಚ್ಚತಕ್ಕದ್ದು. ಆಸ್ಪತ್ರೆಗಳಲ್ಲಿ ಒಳಾಂಗಗಳ ಚಿತ್ರ ತೆಗೆಯುವ ಎಂ.ಆರ್.ಐ. ಯಂತ್ರವನ್ನೇ ಅವರು ಸಾರಥಿಯನ್ನಾಗಿ ಮಾಡಿಕೊಂಡರು. ಕ್ಷೇತ್ರದಲ್ಲಿ ಬೇಕಾದ ದಿಕ್ಕಿಗೆ ಏರಿಳಿತ ಉಂಟುಮಾಡುವ ಸುರುಳಿಗಳು ಆ ಯಂತ್ರದಲ್ಲಿಯೇ ಇರುತ್ತವಷ್ಟೆ. ಕಬ್ಬಿಣದ ಕಣಗಳನ್ನೂ, ಅರ್ಬುದವನ್ನು ಕೊಲ್ಲುವ ವೈರಾಣುವನ್ನೂ ಹೊತ್ತ ಮಹಾಭಕ್ಷಕಗಳನ್ನು ಅವರು ಇಲಿಗಳಲ್ಲಿ ಪ್ರಾಸ್ಟೇಟ್ ಗಂತಿಯ ಕಡೆಗೂ, ಶ್ವಾಸಕೋಶಕ್ಕೆ ಹರಡಿದ ಗಂತಿಗಳ ಕಡೆಗೂ ನಡೆಸಿದರು. ಗಂತಿಯೊಳಗೆ ಕೋಶಗಳ ಸೇರ್ಪಡೆ ಹೆಚ್ಚಿತು, ಗಂತಿ ಕುಗ್ಗಿತು.

ಆದರೆ ಎಲ್ಲ ಪ್ರಯೋಗಗಳೂ ಹೀಗೆ ಫಲಿಸಿಲ್ಲ. ಸ್ಪೇನ್ ದೇಶದ ಸಂಶೋಧಕರು 2019ರಲ್ಲಿ ಇಲಿಗಳ ಮೇಲೆ ಟಿ-ಕೋಶಗಳನ್ನು ಹೀಗೆಯೇ ಪರೀಕ್ಷಿಸಿದಾಗ, ಅವು ಗಂತಿಯೊಳಗೆ ಹೆಚ್ಚಾಗಿ ನುಗ್ಗಲಿಲ್ಲ. ಸಮೀಪದ ದುಗ್ಧಗ್ರಂಥಿಗಳಲ್ಲಿ ಮಾತ್ರ ಹೆಚ್ಚಾಗಿ ಉಳಿದುಕೊಂಡವು. ಇದನ್ನು ಮುಚ್ಚಿಡದೆ ಲೇಖನದ ಶೀರ್ಷಿಕೆಯಲ್ಲಿಯೇ ಹೇಳಿದ ಅವರ ಪ್ರಾಮಾಣಿಕತೆ ದೊಡ್ಡದು. ಸೆಳೆದು ತಂದ ಮಾತ್ರಕ್ಕೆ ಕೋಶವು ನಾಳದ ಗೋಡೆಯನ್ನು ದಾಟಿ ಒಳಹೊಕ್ಕೀತೆಂದು ಹೇಳಲಾಗದು. ಮನುಷ್ಯರಲ್ಲಿ ಈ ಸಾರಥ್ಯವು ಚಿಕಿತ್ಸೆಯಾಗಿ ಇನ್ನೂ ಬಳಕೆಗೆ ಬಂದಿಲ್ಲ.

ಕಣಗಳ ಕಬ್ಬಿಣವಾದರೋ ವೈದ್ಯರಿಗೆ ಅಪರಿಚಿತವಲ್ಲ. ಮೂತ್ರಪಿಂಡದ ರೋಗಿಗಳ ರಕ್ತಹೀನತೆಗೆ ಫೆರುಮಾಕ್ಸಿಟಾಲ್ ಎಂಬ ಇಂಥದೇ ಕಣಗಳ ಔಷಧವನ್ನು ಅಮೆರಿಕವು 2009ರಲ್ಲಿ ಒಪ್ಪಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2016ರಲ್ಲಿ, ಅದು ಯಾವ ಅಯಸ್ಕಾಂತದ ನೆರವೂ ಇಲ್ಲದೆ ಇಲಿಗಳ ಮಹಾಭಕ್ಷಕಗಳನ್ನು ಕೆರಳಿಸಿ ಗಂತಿಯ ಬೆಳವಣಿಗೆಯನ್ನು ತಡೆಯಿತೆಂದು ತೋರಿಸಿದರು. ಕೆಲಸ ತೀರಿದ ಕಣಗಳನ್ನು ಯಕೃತ್ತು, ಗುಲ್ಮಗಳು ಕ್ರಮೇಣ ಕರಗಿಸುತ್ತವೆ. ಅವುಗಳ ಕಬ್ಬಿಣವು ಶರೀರದ ಕಬ್ಬಿಣದೊಡನೆ ಬೆರೆತು ಕೆಂಪು ರಕ್ತಕಣಗಳ ನಿರ್ಮಾಣಕ್ಕೆ ಒದಗುತ್ತದೆ.